ಗಿಟಾರಿನ ಮೇಲೆ ನಾನು ಹೊಚ್ಚಿದ ಕಂಬಳಿ

ಮುದ್ದೇಬಿಹಾಳದ ಪಿಯು ಕಾಲೇಜೊಂದರಲ್ಲಿ ನಾನು ಭೌತಶಾಸ್ತ್ರ ಕಲಿಸುತ್ತೇನೆ. ಶಬ್ದದ ಅಲೆ ಹೇಗೆ ಹುಟ್ಟುತ್ತದೆ, ಕಿವಿಗೆ ಹೇಗೆ ಮುಟ್ಟುತ್ತದೆ ಎಂಬುದನ್ನು ಇಪ್ಪತ್ತೆಂಟು ವರ್ಷದಿಂದ ಬೋರ್ಡಿನ ಮೇಲೆ ಬರೆದು ತಿಳಿಸುತ್ತ ಬಂದವನು. ಇದನ್ನು ಮೊದಲಿಗೇ ಹೇಳಿಬಿಡುತ್ತೇನೆ. ಮುಂದಿನದನ್ನು ಓದಿದವರು, ಪಾಪ, ತಿಳಿಯದೆ ಮಾಡಿದ್ದಾನೆ ಅನ್ನಬಾರದು. ತಿಳಿದೇ ಮಾಡಿದ್ದು.

ನನಗೆ ಯಾವ ವಾದ್ಯವೂ ಬರುವುದಿಲ್ಲ. ಕೇಳುವುದಷ್ಟೇ ಬರುತ್ತಿತ್ತು. ಧಾರವಾಡದಲ್ಲಿ ಎಂಎಸ್ಸಿ ಓದುವಾಗ ಹಾಸ್ಟೆಲಿನ ಪಕ್ಕದ ಖೋಲಿಯವನ ಹತ್ತಿರ ಮೇಲಿನ ಚೀಟಿ ಕಿತ್ತುಹೋದ ಒಂದು ಕ್ಯಾಸೆಟ್ ಇತ್ತು. ಜಾಜ್ ಫ್ಯೂಷನ್ ಅಂದ. ಜಾಜ್ ನುಡಿಸುವವರು ಕರೆಂಟಿನ ಗಿಟಾರು ಎತ್ತಿಕೊಂಡು, ರಾಕ್ ಸಂಗೀತದ ಡ್ರಮ್ಮು, ಬೇರೆ ಬೇರೆ ದೇಶದ ತಾಳ, ಒಮ್ಮೊಮ್ಮೆ ನಮ್ಮ ರಾಗಗಳನ್ನೂ ಕಲಸಿ ಮಾಡಿದ ಸಂಗೀತ ಅದು. ಮೊದಲ ಸಲ ಕೇಳಿದಾಗ ಟೇಪು ಸಿಕ್ಕಿಹಾಕಿಕೊಂಡಿದೆ ಅಂದುಕೊಂಡೆ. ನಾಲ್ಕನೆಯ ಸಲಕ್ಕೆ ಗಿಟಾರು ಏಳು ಮಾತ್ರೆಯಲ್ಲಿ ನಡೆಯುತ್ತಿದೆ ಎಂಬುದು ಬೆರಳಿಗೆ ಸಿಕ್ಕಿತು. ಅಲ್ಲಿಂದ ಹುಚ್ಚು ಹಿಡಿಯಿತು. ಪುಣೆಗೆ ಹೋದವರ ಕೈಯಲ್ಲಿ ಕ್ಯಾಸೆಟ್ ತರಿಸಿದೆ, ಆಮೇಲೆ ಸೀಡಿ, ಆಮೇಲೆ ಎಲ್ಲವೂ ಫೋನಿಗೇ ಬಂತು. ಯಾವ ಗಿಟಾರಿಗ ತಂತಿಯನ್ನು ಬುಡದಲ್ಲಿ ಮೀಟುತ್ತಾನೆ, ಯಾವನು ಸ್ವರವನ್ನು ಹೊಡೆದು ಸುಮ್ಮನೆ ಬಿಟ್ಟು ಅದು ಆರುವವರೆಗೆ ಕಾಯುತ್ತಾನೆ, ಯಾವ ರೆಕಾರ್ಡಿಂಗಿನಲ್ಲಿ ಡ್ರಮ್ಮಿನವನು ಗಿಟಾರಿಗನಿಗಿಂತ ಕೂದಲೆಳೆ ಮುಂದೆ ಓಡುತ್ತಾನೆ, ಇವೆಲ್ಲ ನನಗೆ ಮನೆಯವರ ಹೆಜ್ಜೆಯ ಸಪ್ಪಳದಷ್ಟು ಗುರುತು ಇದ್ದವು.

ಇದನ್ನು ಹಂಚಿಕೊಳ್ಳಲು ನಮ್ಮ ಕಡೆ ಯಾರೂ ಇರಲಿಲ್ಲ. ಕೆಲವು ವರ್ಷದ ಹಿಂದೆ ಬಸವನ ಬಾಗೇವಾಡಿಯಲ್ಲಿ ಪಂಪ್‌ಸೆಟ್ ಅಂಗಡಿ ಇಟ್ಟವರೊಬ್ಬರು ಒಂದು ವಾಟ್ಸಾಪ್ ಬಳಗ ಶುರು ಮಾಡಿದರು. ಹರೆಯದಲ್ಲಿ ಮದುವೆ ಆರ್ಕೆಸ್ಟ್ರಾದಲ್ಲಿ ಗಿಟಾರು ಬಾರಿಸಿದ ಮನುಷ್ಯ. ಇಂಡಿ, ಸಿಂದಗಿ, ಮುದ್ದೇಬಿಹಾಳ, ಎಲ್ಲ ಕಡೆಯಿಂದ ಗಿಟಾರಿನ ಆಸೆ ಇದ್ದವರು ನಲವತ್ತರಷ್ಟು ಮಂದಿ ಸೇರಿದರು. ಪ್ರತಿ ಭಾನುವಾರ ನಾನು ಅಲ್ಲಿ ಒಂದು ಫ್ಯೂಷನ್ ರೆಕಾರ್ಡಿಂಗಿನ ಬಗ್ಗೆ ಬರೆಯತೊಡಗಿದೆ. ಒಂದು ವಾರ ತಪ್ಪಿದರೆ "ಯಾಕ್ರಿ ಸರ್, ಇವತ್ತು ಬರದಿಲ್ಲ?" ಎಂದು ಕೇಳುತ್ತಿದ್ದರು. ತರಗತಿಯಲ್ಲಿ ಆಕಳಿಸುವ ಹುಡುಗರನ್ನು ನೋಡಿ ನೋಡಿ ಬೇಸತ್ತವನಿಗೆ ಅದು ಎಷ್ಟು ಹಿತವಾಗಿತ್ತೆಂದರೆ, ಶನಿವಾರ ಸಂಜೆಯಿಂದಲೇ ಸಾಲುಗಳನ್ನು ಮನಸ್ಸಿನಲ್ಲಿ ಹೊಂದಿಸುತ್ತ ಓಡಾಡುತ್ತಿದ್ದೆ.

ಕಿವಿ ಕೈಕೊಡುತ್ತಿದೆ ಎಂದು ಮೊದಲು ಕಂಡುಹಿಡಿದದ್ದು ನನ್ನ ಹೆಂಡತಿ. ಒಂದು ದಿನ ಆಕೆ ಹಿತ್ತಲಿನಿಂದ ಒದ್ದೆ ಕೈಯಲ್ಲಿ ಓಡಿ ಬಂದಳು.

"ಕುಕ್ಕರ್ ಆರ್ ಸಲ ಕೂಗೇತಿ, ನೀವು ಇಲ್ಲೇ ಕುಂತೀರಿ. ಗ್ಯಾಸ್ ಆರಿಸಾಕ ಏನಾಗಿತ್ರಿ?"

"ಪೇಪರ್ ಓದಾಕತ್ತಿದ್ದೆ, ಲಕ್ಷ್ಯ ಇರಲಿಲ್ಲ" ಎಂದೆ.

ಲಕ್ಷ್ಯ ಇತ್ತು. ಕೂಗು ಇರಲಿಲ್ಲ. ಆಮೇಲೆ ಒಂದೊಂದೇ ತಿಳಿಯತೊಡಗಿತು. ಕಾಲೇಜಿನ ಬೇವಿನ ಮರದ ಗುಬ್ಬಿಗಳು ಸುಮ್ಮನಾದವು. ರೆಕಾರ್ಡಿಂಗುಗಳಲ್ಲಿ ಡ್ರಮ್ಮಿನವನ ಹಿತ್ತಾಳೆ ತಟ್ಟೆಗಳು ಮಾಯವಾದವು. ಹೆಡ್‌ಫೋನ್ ಕೆಟ್ಟಿದೆಯೆಂದು ಹೊಸದು ತಂದೆ. ಅದೂ ಹಾಗೇ. ಭೌತಶಾಸ್ತ್ರದ ಮಾಸ್ತರನಿಗೆ ಇದರ ಅರ್ಥ ಹೇಳಿಕೊಡಬೇಕಾಗಿಲ್ಲ. ಮೇಲಿನ ಆವೃತ್ತಿಯ ಚೂಪು ಶಬ್ದಗಳು ನನಗೆ ಮುಚ್ಚುತ್ತಿದ್ದವು. ಮಾತು ಕೇಳುತ್ತಿತ್ತು, ಆದರೆ ಅದರ ಅಂಚು ಹರಿದಿತ್ತು.

ಯಾರಿಗೂ ಹೇಳಲಿಲ್ಲ. ನಮ್ಮಲ್ಲಿ ಕಿವಿ ಮಂದವಾದ ಒಬ್ಬ ಹಿರಿಯ ಉಪನ್ಯಾಸಕರಿದ್ದರು. ಅವರು ನಿವೃತ್ತರಾಗುವವರೆಗೂ ಹುಡುಗರು ಅವರ ಎದುರಿಗೇ ನಿಂತು ಬಾಯಿ ಮಾತ್ರ ಆಡಿಸಿ ಸಪ್ಪಳ ಮಾಡದೆ ನಗಿಸುತ್ತಿದ್ದದ್ದನ್ನು ನಾನೂ ನೋಡಿ ನಕ್ಕವನೇ. ಅದಕ್ಕಿಂತ ದೊಡ್ಡ ಭಯ ಬೇರೆ ಇತ್ತು. ಕೆಪ್ಪ ಬರೆದ ಸಂಗೀತದ ಮಾತನ್ನು ಯಾರು ಓದುತ್ತಾರೆ? ಹಳೆಯ ರೆಕಾರ್ಡಿಂಗುಗಳು ತಲೆಯೊಳಗೆ ಪೂರ್ತಿ ಇದ್ದವು, ಅವುಗಳ ಬಗ್ಗೆ ನೆನಪಿನಿಂದ ಬರೆದೆ. ಹೊಸವು ಬಂದರೆ ಹೊರಗಿನವರು ಇಂಗ್ಲಿಷಿನಲ್ಲಿ ಬರೆದದ್ದನ್ನು ಓದಿ, ಒಗ್ಗರಣೆ ಹಾಕಿ ನನ್ನದೆಂಬಂತೆ ಕನ್ನಡದಲ್ಲಿ ಬಡಿಸಿದೆ. ಒಂದೂವರೆ ವರ್ಷ ಹೀಗೇ ನಡೆಯಿತು. ಯಾರಿಗೂ ಗೊತ್ತಾಗಲಿಲ್ಲ.

ಆಗ ಬಳಗಕ್ಕೆ ಅಕ್ಕೋರು ಬಂದರು. ಸಿಂದಗಿ ಹತ್ತಿರದ ಒಂದು ಸರಕಾರಿ ಹೈಸ್ಕೂಲಿನಲ್ಲಿ ಗಣಿತದ ಶಿಕ್ಷಕಿ. ನಮ್ಮ ಕಡೆ ಶಿಕ್ಷಕಿಯರನ್ನು ಅಕ್ಕೋರು ಅನ್ನುತ್ತೇವಲ್ಲ, ಬಳಗದಲ್ಲೂ ಎಲ್ಲರಿಗೂ ಅವರು ಅಕ್ಕೋರೇ ಆದರು. ನಲವತ್ತರ ಒಳಗಿನ ವಯಸ್ಸು. ತವರು ಇಂಡಿಯ ಆಚೆ ಒಂದು ಹಳ್ಳಿ. ತಂದೆ ಅಲ್ಲಿ ಭೀಮಗೀತೆ, ಬುದ್ಧನ ಹಾಡು ಹೇಳುವ ಒಂದು ಮೇಳ ಕಟ್ಟಿದ್ದರಂತೆ. ಹಾರ್ಮೋನಿಯಂ, ಢೋಲಕಿಯ ನಡುವೆ ಕೂತು ಈಕೆ ಚಿಕ್ಕಂದಿನಲ್ಲೇ ಗಿಟಾರು ಕಲಿತದ್ದು. ನೌಕರಿ ಸಿಕ್ಕ ಮೇಲೆ ಕರೆಂಟಿನ ಗಿಟಾರು ಕೊಂಡು, ಬಳಗದ ಹೊರಗೂ ಹರಿದಾಡುತ್ತಿದ್ದ ನನ್ನ ಬರಹ ಓದಿ, ಅದರಲ್ಲಿನ ರೆಕಾರ್ಡಿಂಗುಗಳನ್ನು ಒಂದೊಂದಾಗಿ ಹುಡುಕಿ ಕೇಳುತ್ತ ಬಂದಿದ್ದರು. ಇದೆಲ್ಲ ನನಗೆ ಆಮೇಲೆ ತಿಳಿದದ್ದು. ಆಗ ತಿಳಿದದ್ದು ಇಷ್ಟೇ: ಒಂದು ಭಾನುವಾರ ಅವರು ನನಗೊಬ್ಬನಿಗೇ ಆರು ನಿಮಿಷದ ಒಂದು ಧ್ವನಿಮುದ್ರಣ ಕಳಿಸಿ, ಕೆಳಗೆ ಹೀಗೆ ಬರೆದಿದ್ದರು:

"ಸರ್, ಇದು ನಮ್ಮನಿಯಾಗ ಮಾಡಿದ್ದು. ನಿಮ್ಮ ಬರಹ ಓದಿನ ನಾನು ಇದಕ್ಕ ಕೈ ಹಚ್ಚೇನಿ. ಹೆಂಗ ಐತಿ ಹೇಳ್ರಿ. ತಪ್ಪಿದ್ರ ತಿಳಿಸ್ರಿ."

ಮಧ್ಯಾಹ್ನ ಊಟವಾದ ಮೇಲೆ ಹೆಡ್‌ಫೋನ್ ಹಾಕಿ ಮೂರು ಸಲ ಕೇಳಿದೆ. ಏಳು ಮಾತ್ರೆಯ ನಡೆ. ಢೋಲಕಿಯ ಎಡಗಡೆಯ ದಪ್ಪ ನಾದ ಕೇಳಿತು. ಗಿಟಾರು ಎಲ್ಲೋ ಹಾಸಿಗೆಯ ಕೆಳಗಿಂದ ಬಂದಂತೆ ಮಬ್ಬಾಗಿತ್ತು. ಹೊಳಪು ಅನ್ನುವುದೇ ಇರಲಿಲ್ಲ. ಇದು ಅವರ ತಪ್ಪಲ್ಲ, ನನ್ನ ಕಿವಿಯದಿರಬಹುದು ಎಂಬುದು ಆಗಲೇ ಹೊಳೆದಿತ್ತು. ಅಡುಗೆಮನೆ ಹತ್ತು ಹೆಜ್ಜೆ ದೂರ, ಅಲ್ಲಿ ಹೆಂಡತಿ ಇದ್ದಳು. ಕರೆದು "ಇದನ್ನ ಒಂಚೂರು ಕೇಳಿ ಹೇಳು" ಅಂದಿದ್ದರೆ ಮುಗಿಯುತ್ತಿತ್ತು. ಎದ್ದು ಬಾಗಿಲ ತನಕ ಹೋದೆ. ನೀರು ಕುಡಿದು ತಿರುಗಿ ಬಂದು ಕುಳಿತೆ.

ಅಭಿಪ್ರಾಯವನ್ನು ಅವರೊಬ್ಬರಿಗೇ ಕಳಿಸಬಹುದಿತ್ತು. ಅವರ ಧ್ವನಿಮುದ್ರಣವನ್ನು ಬಳಗಕ್ಕೇ ಹಾಕಿ, ಎಲ್ಲರೂ ನೋಡುವಂತೆ ಬರೆದೆ. ಆ ಸಾಲುಗಳು ನನಗೆ ಬಾಯಿಪಾಠ.

"ಪ್ರಯತ್ನ ಚಲೋ ಐತಿ. ಆದ್ರ ಗಿಟಾರಿನ ಮ್ಯಾಲೆ ಯಾರೋ ಕಂಬಳಿ ಹೊಚ್ಚಿದಂಗ ಐತಿ. ಲಯಕ್ಕ ಹೊಳಪು ಕೊಡಾಕ ಒಂದು ಸಣ್ಣ ಕಂಚಿನ ತಾಳನಾರ ಇರಬೇಕಾಗಿತ್ತು. ಮೇಳದ ಅಂಗಳಕ್ಕ ಇದು ನಡದೀತು, ರೆಕಾರ್ಡಿಂಗ್ ಅನ್ನೂದು ಬ್ಯಾರೆ ವಿದ್ಯೆ."

ನಗುವ ಮುಖಗಳು ಸಾಲುಗಟ್ಟಿ ಬಂದವು. ಒಬ್ಬ ಬ್ಯಾಂಕಿನ ತರುಣ ಮಾತ್ರ "ಸರ್, ನನಗ ತಾಳ ಕೇಳಿಸಿದಂಗಾತಲ್ರಿ" ಎಂದು ಬರೆದ. ಅವನು ಕೇಳಿದ್ದೇ ನಿಜವಿರಬೇಕೆಂದು ಹೊಳೆಯಿತು. ಆದರೂ ಕೈ ನಿಲ್ಲಲಿಲ್ಲ. "ಕೇಳಿಸಿದಂಗ ಆಗೂದು ಬ್ಯಾರೆ, ಇರೂದು ಬ್ಯಾರೆ" ಎಂದು ಬರೆದೆ. ಅದಕ್ಕೂ ನಕ್ಕರು. ತರುಣ ಕ್ಷಮೆ ಕೇಳಿದ. ಪಂಪ್‌ಸೆಟ್ ಅಂಗಡಿಯವರು "ಹಂಗಾರ ಇನ್ನ ಮ್ಯಾಲೆ ಕಂಬಳಿ ಅಕ್ಕೋರು ಅನ್ನೂಣು" ಎಂದರು. ಆ ಹೆಸರು ಅಲ್ಲೇ ಅಂಟಿಕೊಂಡಿತು. ನಾನು ಬೇಡ ಅನ್ನಲಿಲ್ಲ. ನನ್ನ ಮಾತಿನಿಂದ ಒಂದು ಹೆಸರು ಹುಟ್ಟಿತಲ್ಲ ಎಂದು ಒಳಗೊಳಗೆ ಸಣ್ಣ ಖುಷಿಯೂ ಆಯಿತೆಂದು ಈಗ ಬರೆಯಲು ಕೈ ಹಿಂಜರಿಯುತ್ತದೆ.

ಅಕ್ಕೋರು ಸಂಜೆ ಒಂದೇ ಸಾಲು ಬರೆದರು: "ಧನ್ಯವಾದ ಸರ್. ತಿದ್ದತೇನಿ."

ಮೂರು ತಿಂಗಳಾದ ಮೇಲೆ ಬಾಗೇವಾಡಿಯ ಪಂಪ್‌ಸೆಟ್ ಅಂಗಡಿಯ ಮಾಳಿಗೆಯ ಮೇಲೆ ಬಳಗದವರು ಕೂಡಿದೆವು. ಕೆಳಗೆ ಮೋಟಾರು, ಪೈಪಿನ ರಾಶಿ. ಮೇಲೆ ಜಮಖಾನೆ, ಎರಡು ದೊಡ್ಡ ಸ್ಪೀಕರು. ಹನ್ನೊಂದು ಮಂದಿ ಬಂದಿದ್ದರು. ಅಕ್ಕೋರು ಸಿಂದಗಿಯಿಂದ ಎರಡು ಬಸ್ಸು ಬದಲಿಸಿ ಬಂದಿದ್ದರು. ನಾನು ಅವರನ್ನು ಕಂಡದ್ದು ಅದೇ ಮೊದಲು. ಎಣ್ಣೆ ಹಚ್ಚಿ ಬಿಗಿದು ಕಟ್ಟಿದ ಜಡೆ, ಹೆಗಲಿಗೆ ಸಾಲೆಗೆ ಒಯ್ಯುವ ಚೀಲ. ಬಂದವರೇ ನನ್ನ ಕಾಲಿಗೆ ಬಾಗಲು ಬಂದರು. ಹಿಂದೆ ಸರಿದೆ.

"ಸರ್, ನೀವು ಹೇಳಿದ್ಹಂಗ ಎಲ್ಲಾ ತಿದ್ದೇನಿ. ಪೆನ್‌ಡ್ರೈವ್‌ದಾಗ ತಂದೇನಿ" ಎಂದರು.

ಸ್ಪೀಕರಿಗೆ ಹಾಕಿದರು. ನನಗೆ ಗಿಟಾರು ಈಗ ಸ್ಪಷ್ಟ ಕೇಳಿತು. ಎಂಥ ಸಮಾಧಾನವಾಯಿತೆಂದರೆ ಕಣ್ಣು ಮುಚ್ಚಿ ತಲೆದೂಗಿದೆ. ಕಣ್ಣು ತೆರೆದಾಗ ಎದುರಿಗೆ ಕುಳಿತವನೊಬ್ಬ ಕಿವಿಗೆ ಅಂಗೈ ಒತ್ತಿಕೊಂಡಿದ್ದ. ಬ್ಯಾಂಕಿನ ತರುಣ ಹಲ್ಲು ಕಚ್ಚಿ ನೆಲ ನೋಡುತ್ತಿದ್ದ. ಅಂಗಡಿಯವರು ಎದ್ದು ಹೋಗಿ ಸ್ಪೀಕರಿನ ಶಬ್ದ ಇಳಿಸಿದರು. ಮುಗಿಯಿತು. ಎಲ್ಲರೂ ನನ್ನ ಕಡೆ ನೋಡಿದರು.

"ಈಗ ಬೆಳಕು ಬಂತು ನೋಡ್ರಿ" ಎಂದೆ.

ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಒಬ್ಬ ಮೆಲ್ಲಗೆ "ಹೌದ್ರಿ, ಬೆಳಕು..." ಎಂದ. ಉಳಿದವರೂ ಹೌದೆಂದರು. ಸರ್ ಅಂದ ಮೇಲೆ ಏನೋ ಇರಬೇಕು.

ಚಾ ಕುಡಿಯುವಾಗ ಅಕ್ಕೋರು ನನ್ನ ಹತ್ತಿರ ಬಂದು ಮೆಲುದನಿಯಲ್ಲಿ ಏನೋ ಕೇಳಿದರು. ನಾನು ಅವರ ತುಟಿ ನೋಡಿ ತಿಳಿದುಕೊಂಡೆ.

"ಸರ್, ಈಗ ತಾಳ ಕೇಳಸ್ತೈತೇನ್ರಿ?"

ನನಗೆ ಯಾವ ತಾಳವೂ ಕೇಳಿರಲಿಲ್ಲ.

"ಹೌದು ಅಕ್ಕೋರ, ಈಗ ಕೇಳಸ್ತೈತಿ. ಚಲೋ ಆತು."

ಅವರ ಮುಖ ಅರಳಿದ್ದನ್ನು ನಾನು ನೋಡಿದೆ. ಆ ರೆಕಾರ್ಡಿಂಗನ್ನೇ ಅವರು ಯೂಟ್ಯೂಬಿಗೂ ಹಾಕಿದರು, ಪುಣೆಯ ಒಂದು ಸಣ್ಣ ಸಂಗೀತ ಕೂಟದವರು ಹೊಸಬರನ್ನು ಆರಿಸುತ್ತಿದ್ದಾರೆಂದು ಅಲ್ಲಿಗೂ ಕಳಿಸಿದರು. ಧ್ವನಿ ಕರ್ಕಶವಾಗಿದೆ, ಕೇಳಲಾಗುವುದಿಲ್ಲ ಎಂದು ಕೂಟದವರು ತಿರುಗಿ ಬರೆದರಂತೆ. ಯೂಟ್ಯೂಬಿನಲ್ಲಿ ಯಾರೋ "ಕಿವಿ ಚುಚ್ತೈತಿ" ಎಂದು ಬರೆದಿದ್ದರು. ಅದನ್ನು ನಾನೇ ಕಣ್ಣಾರೆ ಓದಿದೆ.

ಓದಿದ ಮರುದಿನ ಪ್ರಯೋಗಾಲಯದ ಕಪಾಟಿನಿಂದ ಆಸಿಲೇಟರ್ ತೆಗೆಸಿದೆ. ಬೇಕಾದ ಆವೃತ್ತಿಯ ಶಬ್ದ ಹೊರಡಿಸುವ ಪೆಟ್ಟಿಗೆ ಅದು. ಗುಂಡಿ ತಿರುಗಿಸುತ್ತ ಹೋದರೆ ಶಬ್ದ ಏರುತ್ತ ಏರುತ್ತ ಕೊನೆಗೆ ಮನುಷ್ಯನ ಕಿವಿಗೆ ಮೀರಿ ಹೋಗುತ್ತದೆ. ಕೇಳುವವರೆಗೆ ಕೈ ಎತ್ತಿರಬೇಕೆಂದು ಹುಡುಗರಿಗೆ ಹೇಳಿ ಆಟದಂತೆ ಮಾಡುತ್ತಿದ್ದ ಪ್ರಯೋಗ. ಎರಡು ವರ್ಷದಿಂದ ಪೆಟ್ಟಿಗೆ ಕೆಟ್ಟಿದೆಯೆಂದು ಹೇಳಿ ಅದನ್ನು ಬಿಟ್ಟಿದ್ದೆ. ಅಂದು ಹಚ್ಚಿದೆ. ಗುಂಡಿ ಮೂರು ಸಾವಿರ ಹರ್ಟ್ಜ್ ದಾಟುವಷ್ಟರಲ್ಲಿ ನನಗೆ ಪೆಟ್ಟಿಗೆ ಸತ್ತಂತಾಯಿತು. ತಲೆ ಎತ್ತಿದರೆ ತರಗತಿಯ ಅಷ್ಟೂ ಕೈ ಮೇಲಿದ್ದವು. ಇನ್ನೂ ತಿರುಗಿಸಿದೆ. ಕೈಗಳು ಇಳಿಯಲಿಲ್ಲ. ಮುಂದಿನ ಬೆಂಚಿನ ಹುಡುಗಿ ಕಿವಿಯಲ್ಲಿ ಬೆರಳಿಟ್ಟುಕೊಂಡು "ಸರ್, ಸಾಕ್ರಿ, ಹಲ್ಲು ಜುಮ್ ಅನ್ನಾಕತ್ತಾವು" ಅಂದಳು. ನಾನು ಗುಂಡಿ ಹಿಡಿದು ನಿಂತಿದ್ದೆ. ಇಡೀ ಕೋಣೆ ಕೇಳುತ್ತಿರುವ ಒಂದು ಶಬ್ದದ ನಡುವೆ ನಾನೊಬ್ಬ ಹೊರಗಿದ್ದೆ.

ಮನೆಗೆ ಹೋಗಿ ಹೆಂಡತಿಗೆ ಹೇಳಿದೆ.

"ನನಗ ಗೊತ್ತಿತ್ತಲ್ರಿ" ಅಂದಳು. "ನೀವ ಹೇಳ್ತೀರಂತ ಸುಮ್ಮನಿದ್ದೆ."

ವಿಜಯಪುರಕ್ಕೆ ಇಬ್ಬರೂ ಹೋದೆವು. ಒಂದು ಸಣ್ಣ ಮುಚ್ಚಿದ ಕೋಣೆಯಲ್ಲಿ ಕೂರಿಸಿ ಪರೀಕ್ಷೆ ಮಾಡಿದರು. ಎರಡೂ ಕಿವಿಗೆ ಮಷೀನ್ ಬಂತು. ಹೊರಗೆ ಬಂದಾಗ ರಸ್ತೆಯೆಲ್ಲ ತಗಡು ಉಜ್ಜಿದಂತೆ ಕೇಳಿ ತಲೆ ಸುತ್ತಿತು. ಒಂದು ವಾರ ಕಳೆದ ಮೇಲೆ, ಕಿವಿ ಸ್ವಲ್ಪ ಪಳಗಿದಾಗ, ಫೋನಿನಲ್ಲಿ ಉಳಿದಿದ್ದ ಅಕ್ಕೋರ ಮೊದಲಿನ ಧ್ವನಿಮುದ್ರಣ ಹಚ್ಚಿದೆ.

ತಾಳ ಇತ್ತು. ಮೊದಲ ಮಾತ್ರೆಯಿಂದ ಕಡೆಯವರೆಗೂ ಇತ್ತು. ಎರಡು ಪುಟ್ಟ ಕಂಚಿನ ಬಟ್ಟಲು ಅಂಚಿಗೆ ಅಂಚು ತಾಗಿಸಿದ ನಾದ. ಗಿಟಾರನ್ನು ಅವರು ಬೇಕೆಂದೇ ಮೃದು ಮಾಡಿದ್ದರು. ಮೇಲಿನ ಜಾಗವನ್ನೆಲ್ಲ ತಾಳಕ್ಕೆ ಬಿಟ್ಟು, ಗಿಟಾರು ಕೆಳಗೆ ಕರಿ ಮಣ್ಣಿನಂತೆ ಹರಡಿಕೊಂಡಿತ್ತು. ನಡುವೆ ಒಂದೆಡೆ ತಾಳ ಒಂದು ಸುತ್ತು ನಿಂತುಬಿಡುತ್ತದೆ. ಗಿಟಾರು ಒಂಟಿಯಾಗಿ ಮೇಲಕ್ಕೆ ಹತ್ತುತ್ತದೆ. ಹತ್ತಿ ನಿಂತ ಜಾಗಕ್ಕೆ ಸರಿಯಾಗಿ ತಾಳ ಬಂದು ಸೇರುತ್ತದೆ. ಮೂವತ್ತು ವರ್ಷ ನಾನು ಹುಡುಕಿ ಕೇಳಿದ ದೊಡ್ಡ ದೊಡ್ಡ ಗಿಟಾರಿಗರಲ್ಲಿ ಹೀಗೆ ಜಾಗ ಬಿಡುವುದು ಕೆಲವರಿಗಷ್ಟೇ ತಿಳಿದಿತ್ತು. ಇದನ್ನು ನಾನು ಕಂಬಳಿ ಅಂದಿದ್ದೆ.

ಆಮೇಲೂ ಇಪ್ಪತ್ತು ದಿನ ಸುಮ್ಮನಿದ್ದೆ. ದಿನಾ ಫೋನು ಎತ್ತಿ ಕೆಳಗಿಡುತ್ತಿದ್ದೆ. ಕೊನೆಗೆ ರಜೆ ಹಾಕಿ ತಾಳಿಕೋಟೆ ಮೇಲೆ ಸಿಂದಗಿಗೆ ಹೋಗಿ, ಅಲ್ಲಿಂದ ಅವರ ಸಾಲೆಗೆ ಹೋದೆ. "ಅಕ್ಕೋರು ರಜಾದ ಮ್ಯಾಲೆ ಅದಾರ್ರಿ, ಅವರ ತಾಯಿ ಕಣ್ಣಿನ ಆಪರೇಷನ್ ಆಗೇತಿ, ಊರಾಗ ಅದಾರ" ಎಂದರು ಹೆಡ್‌ಮಾಸ್ತರು. ತಿರುಗಿ ಮನೆಗೆ ಹೋಗಲು ಒಳ್ಳೆಯ ನೆಪ ಸಿಕ್ಕಿತ್ತು. ಸಿಂದಗಿ ಸ್ಟ್ಯಾಂಡಿನಲ್ಲಿ ಮುದ್ದೇಬಿಹಾಳದ ಕಡೆಯ ಬಸ್ಸೂ ನಿಂತಿತ್ತು. ಫೋನು ಮಾಡಿದೆ. ಅಕ್ಕೋರು "ಬರ್ರಿ ಸರ್" ಅಂದರು. ಇಂಡಿ ಬಸ್ಸು ಹತ್ತಿದೆ.

ಇಂಡಿಯಿಂದ ಅವರೂರಿಗೆ ಟಂಟಂ ರಿಕ್ಷಾದಲ್ಲಿ ಹೋದೆ. ದಾರಿಯ ಎರಡೂ ಬದಿ ಲಿಂಬೆ ತೋಟ. ಊರ ಅಗಸಿ ಬಾಗಿಲ ಹತ್ತಿರ ಅಕ್ಕೋರು ಸ್ಕೂಟಿ ತಂದು ನಿಂತಿದ್ದರು. ಬುದ್ಧವಿಹಾರದ ಹಿಂದಿನ ಓಣಿಯಲ್ಲಿ ಮನೆ. ಅಂಥ ಓಣಿಯ ಮನೆಯೊಂದರ ಒಳಗೆ ನಾನು ಕುಳಿತು ಚಾ ಕುಡಿದದ್ದು ಐವತ್ತಾರು ವರ್ಷಕ್ಕೆ ಅದೇ ಮೊದಲು. ಅದೂ ಅಲ್ಲಿ ಕುಳಿತ ಮೇಲೆಯೇ ನನಗೆ ಹೊಳೆಯಿತು. ಕಪ್ಪು ಕನ್ನಡಕ ಹಾಕಿಕೊಂಡ ತಾಯಿ ಗೋಡೆಗೆ ಒರಗಿ ಕುಳಿತಿದ್ದರು.

ಹೇಗೆ ಶುರು ಮಾಡಬೇಕೆಂದು ಬಸ್ಸಿನಲ್ಲಿ ಕಟ್ಟಿಕೊಂಡು ಬಂದದ್ದೆಲ್ಲ ಮರೆಯಿತು.

"ಅಕ್ಕೋರ, ನೀವು ಮೊದಲು ಕಳಿಸಿದ್ದರಾಗ ತಾಳ ಯಾರು ಬಾರಿಸಿದ್ದು?"

ತಾಯಿಯೇ ಹೇಳಿದರು.

"ನಾನ ರಿ ಮಾಸ್ತರ. ತಾಳ ಇರಬೇಕಾಗಿತ್ತು ಅಂತ ನೀವು ಬರದದ್ದನ್ನ ಇಕಿ ಓದಿ ಹೇಳಿದಳು. ನಾನಂದೆ, ಯವ್ವಾ, ಮಾಸ್ತರಗ ನನ್ನ ತಾಳ ತಾಳನ ಅನಿಸಿಲ್ಲ. ಮೂವತ್ತ್ ವರ್ಷ ಮೇಳದಾಗ ಬಾರಿಸೇನಿ, ಯಾರೂ ಹಂಗ ಅಂದಿರಲಿಲ್ಲ. ವಯಸ್ಸಾತು, ಕೈ ತಪ್ಪಿರಬೇಕು, ಇನ್ನ ನನಗ ಕರೀಬ್ಯಾಡ ಅಂದೆ. ಎರಡನೇದಕ್ಕ ಇಕಿ ಕಂಪ್ಯೂಟರಿನ ತಾಳ ಹಾಕ್ಯಾಳ."

"ತಪ್ಪಿದ್ದು ನಿಮ್ಮ ಕೈಯಲ್ರಿ ಅವ್ವಾರ" ಎಂದೆ. "ನನ್ನ ಕಿವಿ. ನನಗ ಅದು ಕೇಳಿಸಿರಲೇ ಇಲ್ಲ." ಕಿವಿಯ ಮಷೀನ್ ತೆಗೆದು ಅಂಗೈಯಲ್ಲಿಟ್ಟು ತೋರಿಸಿ ಮತ್ತೆ ಹಾಕಿಕೊಂಡೆ. "ಗಿಟಾರಿನ ಮ್ಯಾಲೆ ಕಂಬಳಿ ಇರಲಿಲ್ರಿ ಅಕ್ಕೋರ. ನನಗ ಎರಡ್ ವರ್ಷದಿಂದ ಕೇಳಿಸೂದಿಲ್ಲ."

"ಎರಡ್ ವರ್ಷ?" ಅಕ್ಕೋರು ಗಣಿತದವರು, ಲೆಕ್ಕ ಕೂಡಲೇ ಆಯಿತು. "ಅಂದ್ರ ನಾನು ಕಳಿಸೂಕಿಂತ ಮೊದಲ ನಿಮಗ ಗೊತ್ತಿತ್ತು."

"ಗೊತ್ತಿತ್ತು."

"ಬಾಗೇವಾಡ್ಯಾಗ ನಾನು ಕೇಳಿದ್ನೆಲ್ರಿ, ತಾಳ ಕೇಳಸ್ತೈತೇನಂತ?"

"ಸುಳ್ಳು ಹೇಳಿದೆ."

ಅವರು ಎದ್ದು ಒಳಗೆ ಹೋದರು. ಪಾತ್ರೆಯ ಸಪ್ಪಳವೂ ಬರಲಿಲ್ಲ. ತಾಯಿ ಗೋಡೆ ಹಿಡಿದು ಎದ್ದು, ದೀಪವಿಡುವ ಮಾಡದಿಂದ ಏನೋ ತೆಗೆದುಕೊಂಡು ನನ್ನ ಬೆನ್ನ ಹಿಂದೆ ಬಂದು ನಿಂತರು. ಟಿಣ್ ಅಂದಿತು.

"ಕೇಳಸ್ತೇನ್ರಿ?"

"ಹ್ಞೂಂ, ಕೇಳಸ್ತ್ರಿ."

"ಈಗ ಅದನ್ನ ತಗೀರಿ."

ಎರಡೂ ಮಷೀನ್ ತೆಗೆದೆ. ಈ ಸಲ ಅವರು ಎದುರಿಗೇ ಬಂದು ನಿಂತು ಬಾರಿಸಿದರು. ತಾಳದ ದಾರ ಬೆರಳಿಗೆ ಸುತ್ತಿಕೊಂಡಿದ್ದು, ಬಟ್ಟಲುಗಳು ತಾಗಿ ನಡುಗಿದ್ದು, ಎಲ್ಲ ಕಣ್ಣಿಗೆ ಕಂಡಿತು. ಕಿವಿಗೆ ಕಡ್ಡಿ ಮುರಿದಷ್ಟು ಸಪ್ಪಳ ಬಂತು, ನಾದ ಬರಲಿಲ್ಲ. ನನ್ನ ಮುಖ ನೋಡಿ ಅವರಿಗೆ ತಿಳಿಯಿತು. ಮಷೀನ್ ಹಾಕಿಕೊಂಡ ಮೇಲೆ ಅವರು ಅಂದದ್ದು ಕೇಳಿಸಿತು.

"ಪಾಪ, ಇಷ್ಟ್ ಸಣ್ಣ ವಯಸ್ಸಿನಾಗ."

ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ತಲೆ ತಗ್ಗಿಸಿ ಚಾದ ಬಸಿ ನೋಡುತ್ತ ಕುಳಿತೆ.

ಅಕ್ಕೋರು ಬಾಗಿಲಿಗೆ ಬಂದು ನಿಂತರು. ಕಣ್ಣು ಕೆಂಪಾಗಿದ್ದವು, ದನಿ ಗಟ್ಟಿಯಿತ್ತು.

"ಮೊದಲಿನದು ನಿಮ್ಮ ಕಡೆ ಐತೇನ್ರಿ?"

"ಐತಿ."

"ಕಳಸ್ರಿ. ನನ್ನ ಕಡೆ ಇಲ್ಲ. ಕೆಟ್ಟದ್ದು ಯಾಕಂತ ಅಳಿಸಿಬಿಟ್ಟೆ. ಹಳೇ ಫೋನೂ ಹೋತು."

ಅಲ್ಲೇ ಕಳಿಸಿದೆ. ಅವರು ಫೋನನ್ನು ಕಿವಿಗೆ ಹಿಡಿದು ಆರೂ ನಿಮಿಷ ನಿಂತೇ ಕೇಳಿದರು. ನಡುವೆ ಒಮ್ಮೆ ತಾಯಿಯ ಕಡೆ ನೋಡಿದರು.

"ವಾಟ್ಸಾಪಿನಾಗ ಕಳಿಸಿದ್ದಕ್ಕ ಅರ್ಧ ಸೋರಿ ಹೋಗೇತಿ" ಅಂದರು. ನಿಜ. ಹಾಗೆ ಕಳಿಸಿದಾಗ ಧ್ವನಿ ತೆಳುವಾಗುತ್ತದೆ. ಪೂರ್ತಿಯಾದದ್ದು ಇನ್ನೆಲ್ಲೂ ಉಳಿದಿರಲಿಲ್ಲ.

"ಸರ್, ನನಗೊಬ್ಬಾಕಿಗೆ ಹೇಳಿದ್ರ ಸಾಕಾಗೂದಿಲ್ಲ. ಎಲ್ಲಾರ ಮುಂದ ಬರದೀರಿ. ಎಲ್ಲಾರ ಮುಂದನ ಬರೀರಿ."

"ಬರೀತೇನಿ."

"ಇದನ್ನೂ ಹಾಕ್ರಿ. ನಮ್ಮವ್ವನ ತಾಳ ಅಂತ ಬರೀರಿ."

ಇಂಡಿ ಬಸ್‌ಸ್ಟ್ಯಾಂಡಿನ ಕಲ್ಲುಬೆಂಚಿನ ಮೇಲೆ ಕುಳಿತು ಬರೆದೆ. ಕಿವಿಯ ಸಂಗತಿ, ಎರಡು ವರ್ಷದ ಸುಳ್ಳು, ಇಂಗ್ಲಿಷಿನಿಂದ ಕದ್ದ ಮಾತುಗಳು, ಬಾಗೇವಾಡಿಯಲ್ಲಿ ಹೌದೆಂದದ್ದು, ಒಂದನ್ನೂ ಬಿಡಲಿಲ್ಲ. ಬ್ಯಾಂಕಿನ ತರುಣನ ಮಾತೇ ಸರಿಯಿತ್ತೆಂದೂ ಬರೆದೆ. ಕೆಳಗೆ ಧ್ವನಿಮುದ್ರಣ ಹಾಕಿದೆ. ಬಸ್ಸು ವಿಜಯಪುರ ಮುಟ್ಟುವುದರೊಳಗೆ ಉತ್ತರಗಳು ಬರತೊಡಗಿದವು. "ಎಂಥಾ ದೊಡ್ಡ ಮನಸ್ಸು ಸರ್ ನಿಮ್ದು." "ಇಷ್ಟು ಧೈರ್ಯ ಯಾರಿಗೈತಿ?" "ನಿಮ್ಮ ಕಿವಿ ಹ್ವಾದ್ರೂ ನೀವ ನಮ್ಮ ಗುರುಗಳು." ಕೈಮುಗಿದ ಚಿತ್ರಗಳು, ಹೂವು. ನಾನು ಬೆರಳು ಆಡಿಸುತ್ತ ಕೊನೆಯವರೆಗೂ ಹುಡುಕಿದೆ. ಅಕ್ಕೋರ ಗಿಟಾರಿನ ಬಗ್ಗೆ, ಆ ತಾಯಿಯ ತಾಳದ ಬಗ್ಗೆ ಬರೆದವರು ಇಬ್ಬರೇ. ಅವರಲ್ಲಿ ಒಬ್ಬ ಆ ತರುಣ. ತಪ್ಪೊಪ್ಪಿಕೊಂಡದ್ದರಿಂದಲೂ ನಾನು ಹೊಗಳಿಕೆಯನ್ನೇ ಗಳಿಸಿದ್ದೆ. ಓದುತ್ತ ಓದುತ್ತ ಎದೆಯ ಮೂಲೆಯಲ್ಲಿ ಅದೇ ಹಳೆಯ ಹಿತ ಎದ್ದದ್ದನ್ನೂ ಗಮನಿಸಿದೆ. ಫೋನು ಆರಿಸಿ ಕಿಸೆಗಿಟ್ಟೆ.

ವಾರದೊಳಗೆ ಅಕ್ಕೋರು ಬಳಗ ಬಿಟ್ಟರು. ಪಂಪ್‌ಸೆಟ್ ಅಂಗಡಿಯವರು ಫೋನು ಮಾಡಿ "ಕಂಬಳಿ ಅಕ್ಕೋರು ಹ್ವಾದ್ರಲ್ರಿ ಸರ್" ಎಂದರು.

"ಹಂಗ ಅನಬ್ಯಾಡ್ರಿ ಅವರಿಗೆ" ಎಂದೆ.

"ನಿಮ್ಮ ಮಾತಿಂದ ಬಂದ ಹೆಸರಲ್ರಿ?" ಎಂದು ನಕ್ಕರು. ಅವರದು ಕುಹಕವಲ್ಲ, ನಿಜವಾಗಿಯೂ ಹಾಗೆಂದೇ ತಿಳಿದಿದ್ದರು. ಭಾನುವಾರದ ಬರಹವನ್ನು ನಾನು ಅಲ್ಲಿಗೆ ನಿಲ್ಲಿಸಿದೆ. ಬರೆಯಿರಿ ಎಂದು ಈಗಲೂ ಕೇಳುತ್ತಾರೆ.

ಮತ್ತೆ ಅವರನ್ನು ಕಂಡದ್ದು ಮುಂದಿನ ವರ್ಷ, ಮುದ್ದೇಬಿಹಾಳದ ಬಸ್‌ಸ್ಟ್ಯಾಂಡಿನಲ್ಲಿ. ಶಿಕ್ಷಕರ ತರಬೇತಿಗೆ ಬಂದಿದ್ದರಂತೆ. ನಾನು ನಿಡಗುಂದಿಗೆ ಒಂದು ಮದುವೆಗೆ ಹೊರಟಿದ್ದೆ. ಅವರೇ ಮೊದಲು ನೋಡಿ "ಆರಾಮ್ರಿ ಸರ್?" ಎಂದರು.

"ಆರಾಮ್. ಅವ್ವಾರ ಕಣ್ಣು ಹೆಂಗೈತ್ರಿ?"

"ಚಲೋ ಕಾಣಸ್ತೈತ್ರಿ. ನಿಮಗ ಮಷೀನ್ ಹೊಂದಿಕಿ ಆತೇನ್ರಿ?"

"ಗದ್ದಲದಾಗ ಇನ್ನಾ ತ್ರಾಸ ಆಗ್ತೈತಿ."

"ಹ್ಞಾಂ, ಆಗ್ತೈತಿ."

ಬಿಸಿಲು, ತರಬೇತಿಯಲ್ಲಿ ಕೊಟ್ಟ ಊಟ, ತಾಳಿಕೋಟೆ ರಸ್ತೆಯ ತೆಗ್ಗುಗಳು, ಇವುಗಳ ಮಾತಾಯಿತು. ಏನಾದರೂ ನುಡಿಸುತ್ತಿದ್ದೀರಾ, ಹೊಸದು ಮಾಡಿದ್ದೀರಾ ಎಂಬ ಮಾತು ನನ್ನ ಬಾಯಿಯ ತನಕ ಬಂದಿತ್ತು. ಅವರಾಗಿ ಹೇಳಲಿಲ್ಲ, ನಾನು ಕೇಳಲಿಲ್ಲ. ತಾಳಿಕೋಟೆ ಬಸ್ಸು ಬಂತು. ಅವರು ಹತ್ತಿ ಕಿಟಕಿಯ ಹತ್ತಿರ ಜಾಗ ಹಿಡಿದು, ಚೀಲದಿಂದ ಇಯರ್‌ಫೋನ್ ತೆಗೆದು ಕಿವಿಗಿಟ್ಟು ಕಣ್ಣು ಮುಚ್ಚಿದರು. ಅವರ ಬೆರಳೊಂದು ಕಿಟಕಿಯ ಸರಳಿನ ಮೇಲೆ ಯಾವುದೋ ಲೆಕ್ಕ ಬಡಿಯುತ್ತಿತ್ತು. ಎಣಿಸಲು ಹೋದೆ, ಅಷ್ಟರಲ್ಲಿ ಬಸ್ಸು ತಿರುಗಿತು.

ನಿಡಗುಂದಿ ಬಸ್ಸಿನ ಕಂಡಕ್ಟರ್ ಎರಡು ಸಲ ಕೂಗಿದ. ಸ್ಪಷ್ಟವಾಗಿ ಕೇಳಿಸಿತ್ತು. ಅವರ ಬೆರಳಿನ ಲೆಕ್ಕ ಏಳೇ ಇತ್ತೇ ಎಂದು ನನ್ನ ಬೆರಳಲ್ಲಿ ಬಡಿದು ನೋಡುತ್ತ ನಿಂತು, ಆ ಬಸ್ಸನ್ನು ಬಿಟ್ಟು ಮುಂದಿನದಕ್ಕೆ ಹೋದೆ.